ಮುತ್ತಜ್ಜನ ಆಲ್ಬಮ್ಮಿನಲ್ಲಿ ಸಿಲೋನಿನ ಕುಣಿತದ ಕಾರ್ಡುಗಳು

ಪ್ರಶ್ನೆ: ನನ್ನ ಮುತ್ತಜ್ಜ ಮಂಗಳೂರಿನ ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದರು. ಹಂಚಿನ ಸರಕಿನೊಂದಿಗೆ ಆಗಾಗ ಕೊಲಂಬೊಗೆ ಹೋಗಿಬರುತ್ತಿದ್ದರಂತೆ. ಊರಿನ ಮನೆ ಖಾಲಿ ಮಾಡುವಾಗ ಅವರ ಆಲ್ಬಮ್ ಸಿಕ್ಕಿತು. ಅದರಲ್ಲಿ ಸಿಲೋನಿನ ಕುಣಿತದ ಐದು ಚಿತ್ರದ ಕಾರ್ಡುಗಳಿವೆ. ಮೊದಲನೆಯದು ಬಿಡಿಯಾಗಿದೆ. ಅದರಲ್ಲಿ ಮೊಗವಾಡ ಧರಿಸಿದ ನಾಲ್ವರಿದ್ದಾರೆ, ಕೆಳಗೆ ‘ಡೆವಿಲ್ ಡ್ಯಾನ್ಸರ್ಸ್, ಸಿಲೋನ್’ ಎಂದು ಅಚ್ಚಾಗಿದೆ. ಅದರ ಪಕ್ಕದ ಬಿಳಿ ಜಾಗದಲ್ಲಿ ಮುತ್ತಜ್ಜ ಕನ್ನಡದಲ್ಲಿ ‘ಕ್ಷೇಮ. ಹಂಚು ಇಳಿಯಿತು. ಬುಧವಾರ ಹೊರಡುವೆ’ ಎಂದು ಬರೆದಿದ್ದಾರೆ. ಹಿಂಬದಿಯಲ್ಲಿ ವಿಳಾಸ ಮಾತ್ರ ಇದೆ, ಅಂಚೆಚೀಟಿಯಲ್ಲಿ ಏಳನೆಯ ಎಡ್ವರ್ಡ್ ದೊರೆಯ ಮುಖವಿದೆ, ಮುದ್ರೆಯ ವರ್ಷದಲ್ಲಿ ಕೊನೆಯ 8 ಮಾತ್ರ ಕಾಣುತ್ತದೆ. ಎರಡನೆಯದು ಬಣ್ಣದ್ದು. ಬೆಳ್ಳಿಯ ಕಿರೀಟದಂಥದ್ದನ್ನು ಧರಿಸಿದವರ ಆ ಚಿತ್ರಕ್ಕೂ ‘ಡೆವಿಲ್ ಡ್ಯಾನ್ಸರ್ಸ್’ ಎಂದೇ ಹೆಸರಿದೆ. ಮೂರನೆಯದರಲ್ಲಿ ಬಿಳಿ ಮುಂಡಾಸಿನವರೂ ಡೋಲಿನವರೂ ಇದ್ದಾರೆ. ನಾಲ್ಕನೆಯದರಲ್ಲಿ ಜರ್ಮನ್ ಭಾಷೆಯ ಬರಹವಿದ್ದು, ಹಿನ್ನೆಲೆಯಲ್ಲಿ ಎಲೆಯುದುರಿದ ಮರಗಳು ಕಾಣುತ್ತವೆ. ಐದನೆಯದು ಅದೇ ಬೆಳ್ಳಿಯ ಕಿರೀಟ ಧರಿಸಿದ ಹೆಂಗಸಿನ ಹೊಳಪಿನ ಫೋಟೊ. ಕೊನೆಯ ಮೂರನ್ನು ಹಾಳೆಗೆ ಅಂಟಿಸಲಾಗಿದೆ. ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರು, ಇವು 1880ರ ಸುಮಾರಿನ ಕೈಯಿಂದ ಬಿಡಿಸಿದ ಚಿತ್ರಗಳು, ದೊಡ್ಡ ಮೊತ್ತ ಕೊಡಿಸುತ್ತೇನೆ ಎನ್ನುತ್ತಿದ್ದಾರೆ. ನನ್ನ ಚಿಕ್ಕಮ್ಮನಿಗೆ ಇದು ನಮ್ಮ ಭೂತದ ಕೋಲದಂಥದ್ದೇ, ಮನೆಯಲ್ಲಿಟ್ಟುಕೊಳ್ಳಬಾರದು ಎಂಬ ಅಳುಕು. ಇವನ್ನು ಲ್ಯಾಮಿನೇಟ್ ಮಾಡಿಸಿ, ಮನೆತನದ ಪುಸ್ತಕದಲ್ಲಿ ಅಚ್ಚು ಹಾಕಿಸಬೇಕೆಂದಿದ್ದೇನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಚಿಂತೆಗಳು ಹೆಣೆದುಕೊಂಡಿವೆ: ಇವು ಅಸಲಿಯೇ ಎಂಬುದು ಒಂದು, ಚಿತ್ರದಲ್ಲಿರುವುದು ನಿಜವಾಗಿ ಏನು ಎಂಬುದು ಇನ್ನೊಂದು, ಇಟ್ಟುಕೊಳ್ಳುವುದು ಹೇಗೆ ಎಂಬುದು ಮತ್ತೊಂದು. ಲ್ಯಾಮಿನೇಷನ್ ವಿಚಾರವನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ದಯವಿಟ್ಟು ಮಾಡಿಸಬೇಡಿ. ಬಿಸಿಗೆ ಕರಗಿ ಕಾಗದದೊಳಗೆ ಇಳಿದ ಆ ಅಂಟನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಹಳೆಯ ಕಾಗದಗಳ ದುರಸ್ತಿ ಮಾಡುವ ನನ್ನ ಕೈಗೆ ಬಂದು, ನಾನು ಏನೂ ಮಾಡಲಾಗದೆ ಹಿಂದಕ್ಕೆ ಕೊಟ್ಟ ವಸ್ತುಗಳಲ್ಲಿ ಹೆಚ್ಚಿನವು ಪ್ರೀತಿಯಿಂದ ಲ್ಯಾಮಿನೇಟ್ ಮಾಡಿಸಿದವೇ.

ಇನ್ನು ಕಾಲದ ವಿಚಾರ. ವ್ಯಾಪಾರಿಯ ಮಾತಿನಲ್ಲಿ ಎರಡು ತಪ್ಪುಗಳಿವೆ. ಅಂಚೆ ಕಾರ್ಡು ಎಂಬುದು 1869ರಲ್ಲಿ ಆಸ್ಟ್ರಿಯಾ-ಹಂಗೇರಿಯಲ್ಲಿ ಹುಟ್ಟಿದರೂ ಬ್ರಿಟನ್ನಿನಲ್ಲಿ ಖಾಸಗಿಯವರು ಅಚ್ಚು ಹಾಕಿದ ಕಾರ್ಡುಗಳಿಗೆ ಚೀಟಿ ಅಂಟಿಸಿ ಕಳಿಸಲು ಅನುಮತಿ ದೊರೆತದ್ದು 1894ರಲ್ಲಿ. ಆಳುವ ದೇಶದಲ್ಲೇ ಹಾಗಿದ್ದಾಗ, 1880ರಲ್ಲಿ ಕೊಲಂಬೊದಿಂದ ಇಂಥ ಫೋಟೊ ಕಾರ್ಡು ಬರುವುದು ಸಾಧ್ಯವೇ ಇಲ್ಲ. ಹಿಂಬದಿಯಲ್ಲಿ ಗೆರೆ ಎಳೆದು ಒಂದು ಕಡೆ ವಿಳಾಸ, ಇನ್ನೊಂದು ಕಡೆ ಒಕ್ಕಣೆ ಬರೆಯುವ ಪದ್ಧತಿಯನ್ನು ಬ್ರಿಟನ್ 1902ರಲ್ಲಿ ಒಪ್ಪಿತು. ಮಿಕ್ಕ ದೇಶಗಳಲ್ಲಿ ಅದು 1907ರ ಹೊತ್ತಿಗೆ ಬಹುಮಟ್ಟಿಗೆ ನೆಲೆಗೊಂಡಿತು. ಅದಕ್ಕೆ ಮೊದಲು ಹಿಂಬದಿ ಪೂರ್ತಿ ವಿಳಾಸಕ್ಕೆ ಮೀಸಲಾಗಿತ್ತು, ಹೇಳಬೇಕಾದದ್ದನ್ನು ಚಿತ್ರದ ಬದಿಯಲ್ಲೇ ತುರುಕಬೇಕಿತ್ತು. ನಿಮ್ಮ ಮುತ್ತಜ್ಜ ಕುಣಿಯುವವರ ಕಾಲಬುಡದಲ್ಲಿ ಬರೆದದ್ದು ಅದಕ್ಕಾಗಿ. ಮುದ್ರೆಯಲ್ಲಿ ಉಳಿದ ಆ ಒಂದು 8 ಕೂಡ ಸಾಕಷ್ಟು ಹೇಳುತ್ತದೆ. ಎಡ್ವರ್ಡ್ ದೊರೆ ಆಳಿದ್ದು 1901ರಿಂದ 1910ರ ಮೇ ತಿಂಗಳವರೆಗೆ. ಆ ಅವಧಿಯಲ್ಲಿ 8ರಿಂದ ಮುಗಿಯುವ ವರ್ಷ 1908 ಒಂದೇ. ಹಳೆಯ ಅಂಚೆಚೀಟಿಯನ್ನು ಹತ್ತು ವರ್ಷ ಜೋಪಾನ ಮಾಡಿ 1918ರಲ್ಲಿ ಅಂಟಿಸುವ ಗುಮಾಸ್ತರು ಇರಲಾರರು ಎಂದಲ್ಲ, ಆದರೆ 1908 ಎನ್ನುವುದೇ ಸಹಜ. ಒಂದು ಎಚ್ಚರ ಬೇಕು: 1908 ಎಂಬುದು ಕಾರ್ಡನ್ನು ಅಂಚೆಗೆ ಹಾಕಿದ ವರ್ಷ. ಹಿಂಬದಿಗೆ ಗೆರೆಯಿಲ್ಲದ ಕಾರಣ ಅದು ಅಂಗಡಿಯಲ್ಲಿ ಉಳಿದಿದ್ದ ಹಳೆಯ ದಾಸ್ತಾನು ಇರಬೇಕು, ಫೋಟೊ ತೆಗೆದದ್ದು ಅದಕ್ಕೂ ಹಿಂದೆ ಇರಬಹುದು. ಸ್ಟುಡಿಯೊಗಳು ಹಳೆಯ ಗಾಜಿನ ನೆಗೆಟಿವ್‌ಗಳಿಂದ ವರ್ಷಗಟ್ಟಲೆ ಕಾರ್ಡು ಮಾಡಿಸುತ್ತಿದ್ದವು.

‘ಕೈಯಿಂದ ಬಿಡಿಸಿದ ಚಿತ್ರ’ ಎಂಬುದು ಎರಡನೆಯ ತಪ್ಪು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ (ಈ ಸಂದರ್ಭಕ್ಕೆ ಇದಕ್ಕಿಂತ ತಕ್ಕ ಹೆಸರು ಸಿಗಲಾರದು) ಬಣ್ಣದ ಕಾರ್ಡನ್ನು ನೋಡಿ. ಸಾಲುಸಾಲಾದ ಚುಕ್ಕಿಗಳು ಕಂಡರೆ ಅದು ಹಾಫ್‌ಟೋನ್ ಮುದ್ರಣ. ಚುಕ್ಕಿಗಳಿಲ್ಲದೆ, ಒಣಗಿದ ಕೆರೆಯ ಮಣ್ಣಿನ ಬಿರುಕಿನಂಥ ಸಣ್ಣ ಸುಕ್ಕುಗಳು ಕಂಡರೆ ಕೊಲೊಟೈಪ್. ಇವೆರಡೂ ಇಲ್ಲದೆ ನುಣುಪಾಗಿದ್ದು, ಕಪ್ಪು ಭಾಗಗಳಲ್ಲಿ ಓರೆ ಬೆಳಕಿಗೆ ಬೆಳ್ಳಿಯಂಥ ಹೊಳಪು ಬಂದರೆ ಅದು ನಿಜವಾದ ಫೋಟೊ ಕಾಗದ. ನಿಮ್ಮ ಬಣ್ಣದ ಕಾರ್ಡು ಮೊದಲ ಎರಡರಲ್ಲೊಂದು ಎಂದು ನನ್ನ ಊಹೆ. ಕಪ್ಪು ಬಿಳುಪಿನ ನೆಗೆಟಿವ್ ಕೊಲಂಬೊದಿಂದ ಯುರೋಪಿನ, ಎಷ್ಟೋ ಸಲ ಜರ್ಮನಿಯ, ಅಚ್ಚುಕೂಟಕ್ಕೆ ಹೋಗಿ, ಸಿಲೋನನ್ನು ಕಣ್ಣಿಂದ ಕಾಣದ ಕೆಲಸಗಾರರು ಅಲ್ಲಿ ಬಣ್ಣ ಕೂಡಿಸುತ್ತಿದ್ದರು. ಅಂದಿನ ಫೋಟೊ ಫಲಕಗಳಿಗೆ ಕೆಂಪು ಬಣ್ಣ ಸರಿಯಾಗಿ ತಾಗುತ್ತಿರಲಿಲ್ಲ. ಕೆಂಪು ಕಪ್ಪಾಗಿ ಮೂಡಿದರೆ ನೀಲಿ ಹೆಚ್ಚುಕಡಿಮೆ ಬಿಳಿಯಾಗಿ ಕಾಣುತ್ತಿತ್ತು. ಆದ್ದರಿಂದ ಬಣ್ಣ ಹಾಕುವವನ ಕೆಲಸ ಬಹುಪಾಲು ಊಹೆಯೇ. ಇಂಥ ಕಾರ್ಡಿನಲ್ಲಿ ನರ್ತಕರ ಸೊಂಟದ ಬಟ್ಟೆ ಹಸಿರೋ ನೀಲಿಯೋ ಆಗಿದ್ದರೆ ಅದನ್ನು ನಂಬಬೇಡಿ, ಆ ಉಡುಪು ಕೆಂಪಂಚಿನ ಬಿಳಿ ಬಟ್ಟೆಯದು.

ಈಗ ಕುಣಿತಕ್ಕೆ ಬರೋಣ. ಈ ಕಾರ್ಡುಗಳಲ್ಲಿ ಎಲ್ಲಕ್ಕಿಂತ ಕಡಿಮೆ ನಂಬಬೇಕಾದದ್ದು ಕೆಳಗೆ ಅಚ್ಚಾದ ಹೆಸರನ್ನು. ಸೂಯೆಜ್ ಕಾಲುವೆ 1869ರಲ್ಲಿ ತೆರೆದ ಮೇಲೆ ಪೂರ್ವದ ಹಡಗುಗಳೆಲ್ಲ ಕಲ್ಲಿದ್ದಲು ತುಂಬಿಕೊಳ್ಳಲು ಸಿಲೋನಿನಲ್ಲಿ ತಂಗತೊಡಗಿದವು, ಕೊಲಂಬೊದ ಬಂದರು ಬೆಳೆದಂತೆ ತೆಂಕಣದ ಹಳೆಯ ಬಂದರು ಗಾಲ್ ಹಿಂದೆ ಬಿದ್ದಿತು. ಪ್ರಯಾಣಿಕರು ಕೆಲವು ಗಂಟೆ ದಡಕ್ಕಿಳಿದು, ಹೋಟೆಲಿನಲ್ಲಿ ಚಹಾ ಕುಡಿದು, ಕಾರ್ಡು ಕೊಂಡು, ಅಲ್ಲೇ ಅಂಚೆಗೆ ಹಾಕಿ ಹಡಗು ಹತ್ತುತ್ತಿದ್ದರು. ಪ್ಲಾಟೆ ಅಂಡ್ ಕಂಪನಿಯಂಥ ಸ್ಟುಡಿಯೊಗಳು (ಅದು ಶುರುವಾದದ್ದು 1890ರಲ್ಲಿ) ಮುಖ್ಯವಾಗಿ ಈ ಗಿರಾಕಿಗಳಿಗಾಗಿಯೇ ಕಾರ್ಡು ಮಾಡಿಸಿದವು. ಆ ಗಿರಾಕಿಗೆ ಪ್ರತಿಯೊಂದು ಕುಣಿತದ ಹೆಸರು ಬೇಕಿರಲಿಲ್ಲ, ‘ಡೆವಿಲ್’ ಎಂಬ ಒಂದು ಮಾತು ಸಾಕಾಗಿತ್ತು. ನಮ್ಮ ಕರಾವಳಿಯ ಕಥೆಯೂ ಅದೇ. ಬ್ರಿಟಿಷ್ ಅಧಿಕಾರಿ ಎ.ಸಿ. ಬರ್ನೆಲ್ ಸಂಗ್ರಹಿಸಿದ ತುಳುನಾಡಿನ ಪಾಡ್ದನಗಳು, ಅಂದರೆ ಭೂತಗಳ ಕಥೆ ಹೇಳುವ ಹಾಡುಗಳು, 1890ರ ದಶಕದಲ್ಲಿ ಪತ್ರಿಕೆಯಲ್ಲಿ ಅಚ್ಚಾದಾಗ ಅವುಗಳ ತಲೆಬರಹದಲ್ಲಿದ್ದದ್ದು ‘ಡೆವಿಲ್ ವರ್ಶಿಪ್’.

ನಾನೂ ಒಮ್ಮೆ ಈ ಹೆಸರುಗಳಿಗೆ ಮೋಸಹೋದೆ. ವೃತ್ತಿಗೆ ಬಂದ ಹೊಸದರಲ್ಲಿ ಒಂದು ಸಂಗ್ರಹದ ಪಟ್ಟಿ ಮಾಡುವಾಗ, ಅಚ್ಚಾದದ್ದನ್ನೇ ನಂಬಿ ಹನ್ನೆರಡು ಕಾರ್ಡುಗಳನ್ನು ‘ಭೂತೋಚ್ಚಾಟನೆಯ ನೃತ್ಯ’ ಎಂದು ಬರೆದಿಟ್ಟೆ. ಕ್ಯಾಂಡಿಯ ಕಡೆಯಿಂದ ಬಂದಿದ್ದ ಹಿರಿಯ ವಾದಕರೊಬ್ಬರು ಅವನ್ನು ಮೇಜಿನ ಮೇಲೆ ಹರಡಿಕೊಂಡರು. ಮುಖಗಳತ್ತ ನೋಡಲೇ ಇಲ್ಲ, ಡೋಲುಗಳ ಮೇಲೆ ಮಾತ್ರ ಬೆರಳಿಟ್ಟು ಅರ್ಧ ನಿಮಿಷದಲ್ಲಿ ಎರಡು ರಾಶಿ ಮಾಡಿದರು. ನನ್ನ ಹನ್ನೆರಡರಲ್ಲಿ ಎಂಟು ತಪ್ಪಾಗಿದ್ದವು. ಅಂದಿನಿಂದ ನಾನು ಕಾರ್ಡು ಓದುವುದು ಡೋಲಿನಿಂದ.

ಸಿಂಹಳ ಕುಣಿತಗಳಲ್ಲಿ ಮೂರು ಸಂಪ್ರದಾಯಗಳಿವೆ: ಕ್ಯಾಂಡಿಯ ಸುತ್ತಿನ ಮಲೆನಾಡಿನ ‘ಉಡರಟ’, ತೆಂಕಣ ಕಡಲತೀರದ ‘ಪಹತರಟ’, ರತ್ನಪುರದ ಕಡೆಯ ‘ಸಬರಗಮುವ’. ಮಲೆನಾಡಿನ ಡೋಲು ‘ಗೆಟ ಬೆರಯ’. ಅದು ನಮ್ಮ ಮದ್ದಳೆಯ ಹಾಗೆ ನಡುವೆ ಉಬ್ಬಿ ಎರಡೂ ತುದಿಗೆ ಸಪುರವಾಗುತ್ತದೆ. ರೂಢಿಯಂತೆ ಒಂದು ಬದಿಗೆ ದನದ ಚರ್ಮ, ಇನ್ನೊಂದಕ್ಕೆ ಕೋತಿಯ ಚರ್ಮ ಹಾಕುತ್ತಾರೆ. ಕರಾವಳಿಯ ‘ಯಕ್ ಬೆರಯ’ ಉದ್ದವಾಗಿ, ಕೊಳವೆಯಂತೆ ಹೆಚ್ಚುಕಡಿಮೆ ಒಂದೇ ಸುತ್ತಳತೆಯದು, ಅದನ್ನೂ ಎರಡು ಕೈಗಳಿಂದ ನುಡಿಸುತ್ತಾರೆ. ಸಬರಗಮುವದ ‘ದವುಲ’ ಗಿಡ್ಡ, ಅದಕ್ಕೆ ಒಂದು ಬದಿ ಕೋಲು, ಇನ್ನೊಂದು ಬದಿ ಕೈ. ಕಾರ್ಡಿನಲ್ಲಿ ಮುಖ ಮಸುಕಾಗಿರಬಹುದು, ಬಣ್ಣ ಸುಳ್ಳಾಗಿರಬಹುದು. ಡೋಲಿನ ಆಕಾರವನ್ನು ಮಾತ್ರ ಬಣ್ಣ ಹಾಕುವವನು ಬದಲಿಸುವುದಿಲ್ಲ.

ನಿಮ್ಮ ಮೊದಲ ಕಾರ್ಡು, ಅಂದರೆ ಮೊಗವಾಡದ ನಾಲ್ವರದ್ದು, ಕರಾವಳಿಯದು. ಅಲ್ಲಿ ಮೊಗವಾಡಗಳಿಗೆ ಎರಡು ದೊಡ್ಡ ಸಂದರ್ಭಗಳಿವೆ. ‘ಕೋಲಂ’ ಎಂಬುದು ಊರಿನ ನಾಟಕ. ವೇಷ ಎಂಬ ಅರ್ಥದ ಆ ಪದ ನಮ್ಮ ಕೋಲದ ನೆಂಟ. ಇನ್ನೊಂದು ‘ತೊವಿಲ್’, ಕಾಯಿಲೆ ಬಿದ್ದವರಿಗಾಗಿ ರಾತ್ರಿಯಿಡೀ ನಡೆಯುವ ಆಚರಣೆ. ಅದರಲ್ಲಿ ಹೆಸರಾದದ್ದು ‘ಸನ್ನಿ ಯಕುಮ’: ಹದಿನೆಂಟು ಸನ್ನಿಗಳು, ಒಂದೊಂದಕ್ಕೂ ಒಂದೊಂದು ಕಾಯಿಲೆ, ಒಂದೊಂದು ಮೊಗವಾಡ. ಕಾಣ ಸನ್ನಿಯ ಕುರುಡುತನದ್ದು, ಬಿಹಿರಿ ಸನ್ನಿಯ ಕಿವುಡಿನದು, ಗೊಲು ಸನ್ನಿಯ ಮೂಕತನದ್ದು, ಅಮುಕ್ಕು ಸನ್ನಿಯ ವಾಂತಿ ಮತ್ತು ಹೊಟ್ಟೆಯ ಕಾಯಿಲೆಯದು. ಇವರೆಲ್ಲರ ಒಡೆಯ ಕೋಲ ಸನ್ನಿಯ. ‘ಸನ್ನಿ ಹಿಡಿದಿದೆ’ ಎಂದು ನಾವು ಅನ್ನುವಾಗಿನ ಸನ್ನಿಯೇ ಇದು, ಎರಡಕ್ಕೂ ಮೂಲ ಆಯುರ್ವೇದದ ಸನ್ನಿಪಾತ. ‘ಯಕುಮ’ದಲ್ಲಿರುವ ‘ಯಕಾ’ ಎಂಬುದು ಪಾಲಿಯ ‘ಯಕ್ಖ’ದಿಂದ ಬಂದದ್ದು, ಸಂಸ್ಕೃತದ ‘ಯಕ್ಷ’. ಯಕ್ಷಗಾನದ ಹೆಸರಿನಲ್ಲಿರುವ ಯಕ್ಷನನ್ನು ನಾವು ಯಾರೂ ಡೆವಿಲ್ ಎನ್ನುವುದಿಲ್ಲವಲ್ಲ.

ನಾಲ್ಕು ಮೊಗವಾಡಗಳಲ್ಲಿ ಒಂದಕ್ಕೆ ಬಾಯಿ ಸೊಟ್ಟಗಾಗಿ ಮೂಗು ಒಂದು ಕಡೆ ತಿರುಗಿದ್ದರೆ, ಇನ್ನೊಂದರ ಕಣ್ಣು ಮುಚ್ಚಿದಂತಿದ್ದರೆ, ಅವು ಬಹುಶಃ ಸನ್ನಿಯವು. ತಲೆಯ ಮೇಲೆ ಹೆಡೆ ಬಿಚ್ಚಿದ ನಾಗಗಳ ಗುಂಪಿದ್ದರೆ ಅದು ‘ನಾಗ ರಾಕ್ಷಸ’, ಕೋಲಂ ನಾಟಕದ್ದು. ಎರಡೂ ಬಗೆಯವು ಒಂದೇ ಸಾಲಿನಲ್ಲಿ ನಿಂತಿದ್ದರೆ, ಯಾವ ಆಚರಣೆಯಲ್ಲೂ ಒಟ್ಟಿಗೆ ಬಾರದ ವೇಷಗಳನ್ನು ಫೋಟೊಗ್ರಾಫರ್ ಹಗಲಲ್ಲಿ ಒಂದೆಡೆ ನಿಲ್ಲಿಸಿದ್ದಾನೆ ಎಂದೇ ಅರ್ಥ. ಹಗಲಲ್ಲಿ ಎಂಬುದನ್ನೂ ಗಮನಿಸಿ. ತೊವಿಲ್ ನಡೆಯುವುದು ಪಂಜಿನ ಬೆಳಕಿನಲ್ಲಿ, ಅಂದಿನ ಕ್ಯಾಮೆರಾಗೆ ಆ ಬೆಳಕು ಸಾಲುತ್ತಿರಲಿಲ್ಲ. ಇಂಥ ಕಾರ್ಡುಗಳಲ್ಲಿ ಪಾದಗಳೆರಡೂ ನೆಲಕ್ಕೆ ಊರಿ, ಗೆಜ್ಜೆ ಒಂದಿಷ್ಟೂ ಮಸುಕಾಗದೆ ಕಾಣುವುದು, ಅವರು ಕುಣಿಯುತ್ತಿಲ್ಲ, ಉಸಿರು ಬಿಗಿಹಿಡಿದು ನಿಂತಿದ್ದಾರೆ ಎಂಬುದಕ್ಕೆ ಸಾಕ್ಷಿ.

ಹಾಗಾದರೆ ಇದು ಸುಳ್ಳು ಚಿತ್ರವೇ ಎಂದು ಕೇಳುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ನಿಲ್ಲಿಸಿದ್ದು ಸ್ಟುಡಿಯೊದವನಾದರೂ ಮೊಗವಾಡ ಕೆತ್ತಿದವನು, ಡೋಲು ಬಿಗಿದವನು, ಹಾಗೆ ನಿಲ್ಲಲು ಕಲಿತವನು ಆ ಊರಿನವನೇ. ಎರಡನೆಯ ಕಾರ್ಡಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಬೆಳ್ಳಿಯ ಎಲೆಗಳು ಅಲುಗುವ ಆ ಶಿರೋಭೂಷಣ ‘ವೆಸ್’. ಅದನ್ನು ತೊಡುವವರು ಮಲೆನಾಡಿನ ನರ್ತಕರು, ಅವರ ಮೂಲದ ಆಚರಣೆ ‘ಕೊಹೊಂಬಾ ಕಂಕಾರಿಯ’, ಅದರಲ್ಲಿ ಕರಾವಳಿಯ ಸನ್ನಿಗಳಿಗೆ ಕೆಲಸವಿಲ್ಲ. ವರ್ಷಗಳ ಅಭ್ಯಾಸದ ನಂತರ, ಶುಭ ಮುಹೂರ್ತದಲ್ಲಿ, ಗುರು ಶಿಷ್ಯನ ತಲೆಗೆ ವೆಸ್ ಇಡುತ್ತಾನೆ. ಹಾಗಿರುವಾಗ ಅದಕ್ಕೆ ‘ಡೆವಿಲ್ ಡ್ಯಾನ್ಸರ್ಸ್’ ಎಂಬ ಹೆಸರು ಅಂಟಿದ್ದು ಅಚ್ಚುಕೂಟದ ಅಥವಾ ಸ್ಟುಡಿಯೊದ ಉದಾಸೀನ. ಆ ಕಾರ್ಡಿನಲ್ಲಿ ಮೊಣಕಾಲುಗಳನ್ನು ನೋಡಿ: ಹೊರಕ್ಕೆ ತಿರುಗಿ ಮಡಿದಿರಬೇಕು, ಬೆನ್ನು ನೆಟ್ಟಗಿರಬೇಕು. ಆ ನಿಲುವಿಗೆ ಅವರಲ್ಲಿ ‘ಮಂಡಿಯ’ ಎನ್ನುತ್ತಾರೆ, ನಮ್ಮ ಭರತನಾಟ್ಯದವರ ಅರೆಮಂಡಿಯನ್ನು ಬಲ್ಲವರಿಗೆ ಬೇರೆ ವಿವರಣೆ ಬೇಡ. ಎದೆಯ ಮೇಲಿನ ಮಣಿಯ ಜಾಲರಿ, ಪಾದದ ಮೇಲೆ ನಮ್ಮ ಗಗ್ಗರದಂತೆ ಕೂರುವ ಕಾಲಂದುಗೆ ‘ಸಿಲಂಬು’, ಇವೆಲ್ಲ ಇದ್ದಲ್ಲಿ ಇದ್ದರೆ, ನಿಂತವರು ಬಾಡಿಗೆಗೆ ವೇಷ ತೊಟ್ಟ ಕೂಲಿಯವರಲ್ಲ, ಕಲಿತ ನರ್ತಕರು. ಮೂರನೆಯ ಕಾರ್ಡಿನ ಬಿಳಿ ಮುಂಡಾಸಿನವರು ಅದೇ ಮಲೆನಾಡಿನ, ವೆಸ್ ತೊಡದ ನರ್ತಕರು ಎಂದು ತೋರುತ್ತದೆ. ಡೋಲು ನೋಡಿ ಖಚಿತಮಾಡಿಕೊಳ್ಳಿ.

ನಾಲ್ಕನೆಯ ಕಾರ್ಡು ಸಿಲೋನಿನದೇ ಅಲ್ಲದಿರಬಹುದು. ಹ್ಯಾಂಬರ್ಗಿನ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್ 1880ರ ದಶಕದಿಂದ ಸಿಲೋನಿನ ಆನೆಗಳ ಜೊತೆಗೆ ಅಲ್ಲಿನ ಜನರನ್ನೂ ಕರೆದೊಯ್ದು ಯುರೋಪಿನ ಊರೂರುಗಳಲ್ಲಿ ಪ್ರದರ್ಶನಕ್ಕಿಟ್ಟ. ಅವನ ಮಲತಮ್ಮ ಜಾನ್ ಕೊಲಂಬೊದಲ್ಲೇ ನೆಲೆಸಿ ಈ ವ್ಯವಹಾರ ಮುಂದುವರಿಸಿದ. ಅಂಥ ಪ್ರದರ್ಶನಗಳ ಬಾಗಿಲಲ್ಲಿ ಮಾರುತ್ತಿದ್ದ ಕಾರ್ಡುಗಳು ಇಂದಿಗೂ ‘ಸಿಲೋನ್’ ಹೆಸರಿನಲ್ಲಿ ಓಡಾಡುತ್ತವೆ. ಎಲೆಯುದುರಿದ ಮರ ಸಿಲೋನಿನಲ್ಲಿ ಇಲ್ಲವೇ ಇಲ್ಲ ಎನ್ನಲಾಗದು, ಆದರೆ ಜರ್ಮನ್ ಬರಹದೊಂದಿಗೆ ಅದು ಸೇರಿದಾಗ ನನಗೆ ಸಂಶಯ ಬರುತ್ತದೆ. ಬೇಲಿಯಾಚೆ ಕೋಟು ಟೊಪ್ಪಿಗೆಯ ಪ್ರೇಕ್ಷಕರು ಇಣುಕುತ್ತಿದ್ದಾರೆಯೇ ನೋಡಿ. ಚಳಿಗೆ ಬರಿಮೈಯಲ್ಲಿ ನಿಂತ ಆ ಜನರ ಚಿತ್ರವನ್ನು ಪುಸ್ತಕದಲ್ಲಿ ಹಾಕುವುದಾದರೆ, ಅದು ಎಲ್ಲಿಯದು ಎಂದು ಹೇಳದೆ ಹಾಕಬೇಡಿ.

ಐದನೆಯದು ನಿಮ್ಮ ಮುತ್ತಜ್ಜ ಹಂಚು ಸಾಗಿಸುತ್ತಿದ್ದ ದಿನಗಳದ್ದಲ್ಲ. ವೆಸ್ ಗಂಡಸರದೇ ಸ್ವತ್ತಾಗಿತ್ತು. ಹೆಂಗಸರು ಕ್ಯಾಂಡಿ ನೃತ್ಯಕ್ಕೆ ಬಂದದ್ದು ಇಪ್ಪತ್ತನೆಯ ಶತಮಾನ ಸಾಕಷ್ಟು ಸಾಗಿದ ಮೇಲೆ. ನರ್ತಕ ಚಿತ್ರಸೇನ (1921–2005) ಮತ್ತು ಅವರ ಪತ್ನಿ ವಜಿರಾ ರಂಗಕ್ಕೆ ತಂದ ಕಾಲ ಅದು. ಮನೆಯ ಬೇರೆ ಯಾರೋ ಮುಂದೆ ಎಂದೋ ಸೇರಿಸಿರಬೇಕು. ಕಾರ್ಡಿನ ಹಿಂಬದಿ ಕಂಡ ದಿನ ಅಲ್ಲಿ ‘ಶ್ರೀಲಂಕಾ’ ಎಂದಿದ್ದರೆ ಅದು 1972ರ ಈಚಿನದು, ದೇಶದ ಹೆಸರು ಬದಲಾದದ್ದು ಆ ವರ್ಷ.

ಚಿಕ್ಕಮ್ಮನವರ ಅಳುಕನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೋಲ, ನೇಮಗಳನ್ನು ನೋಡಿಕೊಂಡು ಬೆಳೆದವರಿಗೆ ಮೊಗವಾಡ ಬರೀ ಮರದ ತುಂಡಲ್ಲ. ಆದರೆ ಹೋಲಿಕೆ ಒಂದು ಮಟ್ಟದವರೆಗೆ ಮಾತ್ರ. ನಮ್ಮಲ್ಲಿ ದೈವವನ್ನು ಬರಮಾಡಿಕೊಂಡು ನುಡಿ ಕೇಳುತ್ತೇವೆ, ಸನ್ನಿ ಯಕುಮದಲ್ಲಿ ಯಕಾಗಳನ್ನು ಕರೆಯುವುದು ಕಳಿಸುವುದಕ್ಕೆ. ಒಬ್ಬೊಬ್ಬನೂ ಬಂದು, ಡೋಲಿನವನ ಜೊತೆ ಚರ್ಚೆಗಿಳಿದು, ನಗೆಪಾಟಲಾಗಿ, ಕಾಣಿಕೆ ಪಡೆದು, ಬುದ್ಧನ ಆಣೆಗೆ ತಲೆಬಾಗಿ ಹೊರಟುಹೋಗುತ್ತಾನೆ. ನೋಡಲು ಕುಳಿತವರು ಬಿದ್ದು ಬಿದ್ದು ನಗುತ್ತಾರೆ, ಕಾಯಿಲೆಯವನೂ ನಗಲಿ ಎಂಬುದೇ ಅದರ ಮದ್ದು. ಇದನ್ನು ಅವರಿಗೆ ಹೇಳಿ ನೋಡಿ. ಆಗಲೂ ಮನಸ್ಸು ಒಪ್ಪದಿದ್ದರೆ ಆಲ್ಬಮ್ ನಿಮ್ಮ ಮನೆಯಲ್ಲಿರಲಿ, ಅವರ ಮನೆಯಲ್ಲಿ ಬೇಡ. ವಾದ ಮಾಡಿ ಗೆಲ್ಲುವ ವಿಷಯವಲ್ಲ ಅದು.

ಮಾರುವ ವಿಚಾರದಲ್ಲಿ ನಾನು ಬೆಲೆ ಹೇಳುವುದಿಲ್ಲ, ಅದು ನನ್ನ ಕಸುಬಲ್ಲ. ಇಷ್ಟು ಮಾತ್ರ ಗೊತ್ತಿರಲಿ: ಸಿಲೋನಿನ ಕುಣಿತದ ಕಾರ್ಡುಗಳು ಆ ಕಾಲದಲ್ಲಿ ಅಪಾರ ಸಂಖ್ಯೆಯಲ್ಲಿ ಅಚ್ಚಾದವು, ಇಂದಿಗೂ ಸುಲಭವಾಗಿ ಸಿಗುತ್ತವೆ. ಮೊದಲನೆಯದು ಮಾತ್ರ ಇನ್ನೊಂದು ಸಿಗಲಾರದು, ಅದರ ಮೇಲೆ ಹಂಚು ಇಳಿದ ಸುದ್ದಿಯಿದೆ. ಮಂಗಳೂರಿನ ಹಂಚು ಸಿಲೋನಿಗೆ ಹೋಗುತ್ತಿತ್ತೆಂದು ವ್ಯಾಪಾರದ ಇತಿಹಾಸ ಬರೆಯುವವರು ಹೇಳುತ್ತಾರೆ, ಅದನ್ನು ಒಬ್ಬ ಗುಮಾಸ್ತ ಕನ್ನಡದಲ್ಲಿ ಮನೆಗೆ ತಿಳಿಸಿದ ಕಾಗದವನ್ನು ನಾನು ಈ ತನಕ ಕಂಡಿರಲಿಲ್ಲ. ವ್ಯಾಪಾರಿಯು ಐದನ್ನೂ ಒಟ್ಟಿಗೆ ಕೊಳ್ಳಲು ಅವಸರ ಮಾಡುತ್ತಿದ್ದರೆ ಈ ಒಂದನ್ನು ಹೊರಗಿಟ್ಟು ಕೇಳಿ ನೋಡಿ.

ಅಂಟಿಸಿದ ಮೂರನ್ನು ನೀರಿನಲ್ಲಿ ನೆನೆಸಬೇಡಿ. ಕಾರ್ಡಿನ ರಟ್ಟು ಪದರ ಪದರವಾಗಿ ಬಿಡುತ್ತದೆ, ಶಾಯಿ ಹರಡುತ್ತದೆ, ಫೋಟೊ ಕಾಗದದ ಮೇಲ್ಮೈ ಉಬ್ಬುತ್ತದೆ. ಚಾಕುವಿನಿಂದ ಎಬ್ಬಿದರೆ ಹಿಂಬದಿಯ ಬರಹ ಹಾಳೆಗೇ ಅಂಟಿಕೊಂಡು ಉಳಿಯುತ್ತದೆ. ನಿಮಗಿರುವ ದಾರಿಗಳು ಎರಡು. ಒಂದು, ಹಾಗೆಯೇ ಬಿಟ್ಟು ಪ್ರತಿ ಹಾಳೆಯ ನಡುವೆ ಆಮ್ಲವಿಲ್ಲದ ತೆಳು ಕಾಗದ ಇಡುವುದು. ಹಿಂಬದಿ ಕಾಣುವುದಿಲ್ಲ, ಆದರೆ ಏನೂ ಕಳೆದುಹೋಗುವುದಿಲ್ಲ. ಇನ್ನೊಂದು, ಕಾಗದ ಸಂರಕ್ಷಣೆ ಬಲ್ಲವರ ಕೈಯಲ್ಲಿ ಆಲ್ಬಮ್ಮಿನ ಹಾಳೆಯನ್ನೇ ಹಿಂದಿನಿಂದ ಪದರ ಪದರವಾಗಿ ತೆಗೆಸುವುದು. ಇದರಲ್ಲಿ ಆಲ್ಬಮ್ ಹಾಳಾಗುತ್ತದೆ, ಖರ್ಚೂ ಇದೆ, ನುರಿತವರ ಕೈಯಲ್ಲೂ ಒಂದಿಷ್ಟು ಅಪಾಯ ಇದ್ದೇ ಇದೆ. ನಾನಾದರೆ ನಾಲ್ಕನೆಯದನ್ನು ಮಾತ್ರ ಬಿಡಿಸಿ ನೋಡುತ್ತಿದ್ದೆ, ಅದು ಎಲ್ಲಿಯದು ಎಂಬ ಪ್ರಶ್ನೆಗೆ ಉತ್ತರ ಅದರ ಬೆನ್ನಿನಲ್ಲಿರಬಹುದು. ಬಿಡಿ ಕಾರ್ಡುಗಳಿಗೆ ಪಾಲಿಯೆಸ್ಟರ್ ಲಕೋಟೆ ಬಳಸಿ, ಪಿವಿಸಿಯ ಪ್ಲಾಸ್ಟಿಕ್ ಬೇಡ. ಮಂಗಳೂರಿನ ಮಳೆಗಾಲದಲ್ಲಿ ಗೋಡೆಗೆ ತಾಗಿದ ಮರದ ಕಪಾಟಿಗಿಂತ ಬೆಂಗಳೂರಿನಲ್ಲಿರುವ ಯಾರಾದರೂ ನೆಂಟರ ಮನೆಯ ಒಣ ಕೋಣೆ ಮೇಲು. ಅಚ್ಚಿಗೆ ಮೊದಲು ಎರಡೂ ಬದಿಯನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ. ಕಲೆ, ಮಡಿಕೆಗಳನ್ನು ಕಂಪ್ಯೂಟರಿನಲ್ಲಿ ಅಳಿಸಬೇಡಿ. ನಮ್ಮ ದೇಶದ ಕಾನೂನಿನಲ್ಲಿ ಫೋಟೊದ ಹಕ್ಕುಸ್ವಾಮ್ಯ ಪ್ರಕಟವಾದ ವರ್ಷದ ನಂತರ 60 ವರ್ಷಕ್ಕೆ ಮುಗಿಯುತ್ತದೆ. ಹೀಗಾಗಿ 1908ರಲ್ಲಿ ಅಂಚೆಗೆ ಬಿದ್ದ ಕಾರ್ಡಿಗೆ ತೊಡಕಿಲ್ಲ, ಐದನೆಯದಕ್ಕೆ ಮಾತ್ರ ಕಾಲ ಗೊತ್ತಾಗುವವರೆಗೆ ಕಾಯಿರಿ.

ಪುಸ್ತಕದಲ್ಲಿ ಅಚ್ಚಾದ ಹಳೆಯ ಹೆಸರನ್ನು ಅಳಿಸುವುದೂ ಬೇಡ, ಅದನ್ನೇ ನಿಮ್ಮ ಮಾತಾಗಿಸುವುದೂ ಬೇಡ. ಮೊದಲ ಕಾರ್ಡಿನ ಕೆಳಗೆ ನಾನಾದರೆ ಹೀಗೆ ಬರೆಯುತ್ತಿದ್ದೆ: ‘ಸಿಲೋನಿನ ದಕ್ಷಿಣ ಕರಾವಳಿಯ ಮೊಗವಾಡದ ವೇಷಧಾರಿಗಳು, ಫೋಟೊಗಾಗಿ ಹಗಲಲ್ಲಿ ನಿಂತದ್ದು. ಕಾರ್ಡಿನಲ್ಲಿ ಅಚ್ಚಾದ ಹೆಸರು “ಡೆವಿಲ್ ಡ್ಯಾನ್ಸರ್ಸ್, ಸಿಲೋನ್”. ಮುತ್ತಜ್ಜ ಕೊಲಂಬೊದಿಂದ ಅಂಚೆಗೆ ಹಾಕಿದ್ದು ಬಹುಶಃ 1908ರಲ್ಲಿ. ಕೈಬರಹ: ಕ್ಷೇಮ. ಹಂಚು ಇಳಿಯಿತು. ಬುಧವಾರ ಹೊರಡುವೆ.’